ರಂಗಸಾಮಿಯಣ್ಣನ ಲಾರಿ ಒದರಿದ ಮಳೆಗಾಲ

ಹೋದ ತಿಂಗಳು ಪರಿಚಯದವರ ಮದುವೆಗೆಂದು ಕೊಯಮತ್ತೂರಿಗೆ ಹೋಗಿದ್ದೆ. ವಾಪಸು ಬರುವಾಗ ಸೇಲಂ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಹೊರಗೆ ಮಳೆ ಹನಿಯುತ್ತಿತ್ತು, ಮದುವೆ ಊಟ ಹೊಟ್ಟೆಯಲ್ಲಿ ಭಾರವಾಗಿ ಕೂತಿತ್ತು. ಇನ್ನೇನು ಕಣ್ಣು ಹತ್ತಬೇಕು ಅನ್ನುವಾಗ ಕಾಲಡಿಯ ತಗಡು ಸಣ್ಣಗೆ ನಡುಗತೊಡಗಿತು. ವೇಗ ಐವತ್ತು ದಾಟಿದರೆ ಶುರು, ಎಪ್ಪತ್ತರ ಹತ್ತಿರ ಮಾಯ. ಯಾವುದೋ ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಟಾಗ ಮತ್ತೆ ಅದೇ. ಪಕ್ಕದವರು ಮೊಬೈಲು ನೋಡುತ್ತ ಆರಾಮಾಗಿದ್ದರು. ನಾನು ಮಾತ್ರ ಚಪ್ಪಲಿ ಬಿಚ್ಚಿ, ಬರಿಗಾಲು ಊರಿ, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಕೂತೆ. ಕೆಲಸದ ಚಟ ಅಂತ ನಗಬಹುದು. ನನಗೆ ನಗು ಬರಲಿಲ್ಲ. ಅವಿನಾಶಿ ಬರುವವರೆಗೂ ಆ ತಗಡಿನಿಂದ ಕಾಲು ತೆಗೆಯಲಿಲ್ಲ.

ಆ ಅವಿನಾಶಿಯಲ್ಲಿ ನಾನು ಎರಡು ವರ್ಷ ಇದ್ದೆ. ನಾನು ರಾಣೆಬೆನ್ನೂರಿನವನು. ಈಗ ಅಲ್ಲೇ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ನಮ್ಮೂರ ಗ್ಯಾರೇಜಿನ ಮಾಲೀಕನ ಜೊತೆ ಜಗಳ ಮಾಡಿಕೊಂಡು, ಇವನ ಮುಖ ಇನ್ನು ನೋಡಬಾರದು ಎಂದು ಚೀಲ ಎತ್ತಿಕೊಂಡು ಹೊರಟಿದ್ದೆ. ಅವಿನಾಶಿಯ ಮುರುಗೇಶನ್ ಮೇಸ್ತ್ರಿ ನನಗೆ ಕೆಲಸ ಕೊಟ್ಟರು. ಅಲ್ಲಿ ಗ್ಯಾರೇಜಿಗೆ ಪಟ್ಟರೆ ಎನ್ನುತ್ತಾರೆ. ಮೇಸ್ತ್ರಿಯ ಪಟ್ಟರೆಗೆ ಬರುತ್ತಿದ್ದುದು ಬರೀ ಲಾರಿಗಳು. ನನಗೆ ತಮಿಳು ಬರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಊಟ, ನೀರು, ಬೋಲ್ಟು, ಸದ್ದು ಅನ್ನುವಷ್ಟು ಕಲಿತಿದ್ದೆ. ಆದರೆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಅಹಂಕಾರವನ್ನು ಮಾತ್ರ ಊರಿನಿಂದ ಪೂರ್ತಿಯಾಗಿ ಹೊತ್ತು ತಂದಿದ್ದೆ.

ರಂಗಸಾಮಿಯಣ್ಣನ ಪರಿಚಯವಾದದ್ದೂ ಈ ಭಾಷೆಯ ದೆಸೆಯಿಂದಲೇ. ಒಂದು ದಿನ ಲಾರಿಯಡಿ ಮಲಗಿ, ತುಕ್ಕು ಹಿಡಿದ ನಟ್ಟೊಂದಕ್ಕೆ ಕನ್ನಡದಲ್ಲಿ ಮನಸಾರೆ ಬೈಯುತ್ತಿದ್ದೆ. ಹೊರಗಿನಿಂದ ಯಾರೋ ಬಗ್ಗಿ ನೋಡಿ, ತಂಬಿ, ನಿನಗೆ ಕನ್ನಡವಾ ಎಂದು ಕೇಳಿದರು. ಐವತ್ತು ದಾಟಿದ ಮನುಷ್ಯ, ನೀಟಾಗಿ ಕ್ಷೌರ ಮಾಡಿದ ಮುಖ, ಮಡಿಸಿ ಕಟ್ಟಿದ ಬಿಳಿ ಪಂಚೆ. ಅವರ ಮನೆಯವರು ಕಾರಮಡೈ ಹತ್ತಿರ ಬಾಳೆ ಬೆಳೆಯುವವರು. ಯಾವ ಕಾಲದಲ್ಲಿ ಕನ್ನಡ ಸೀಮೆಯಿಂದ ಬಂದರೋ ಅವರಿಗೇ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬಾರದು. ನನ್ನ ಮೊಬೈಲಿನಲ್ಲಿ ಕನ್ನಡ ಅಕ್ಷರ ನೋಡಿ, ಇದಾ ನಮ್ಮ ಎಳುತ್ತು ಎಂದು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅವರು ಓಡಿಸುತ್ತಿದ್ದುದು ವೆಳ್ಳಕೋಯಿಲಿನ ಕಂದಸಾಮಿ ಎಂಬ ಲಾರಿ ಮಾಲೀಕರ ಆರು ಚಕ್ರದ ಗಾಡಿ. ಕಾಂಗೇಯಂ ಮಿಲ್ಲುಗಳಿಂದ ಅಕ್ಕಿ ಮೂಟೆ ತುಂಬಿಕೊಂಡು, ಅವಿನಾಶಿ, ಅನ್ನೂರು, ಮೇಟ್ಟುಪಾಳ್ಯದ ಮೇಲೆ ಕೋತಗಿರಿ ಘಾಟಿ ಹತ್ತಿಸುವುದು ಅವರ ಕೆಲಸ. ಇಷ್ಟು ವರ್ಷದಲ್ಲಿ ಆ ಘಾಟಿಯಲ್ಲಿ ಲಾರಿಯ ಮೈಗೆ ಒಂದು ಗೀರು ಬಿದ್ದಿಲ್ಲ ಎಂದು ಮೇಸ್ತ್ರಿಯೇ ನನಗೆ ಹೇಳಿದ್ದರು.

ದೀಪಾವಳಿ ಬರುವ ತಿಂಗಳನ್ನು ಅಲ್ಲಿ ಐಪ್ಪಸಿ ಎನ್ನುತ್ತಾರೆ. ನಮ್ಮ ಕಡೆ ಮಳೆ ಮುಗಿಯಿತು ಅನ್ನುವ ಹೊತ್ತಿಗೆ ಅಲ್ಲಿ ಹಿಡಿದುಕೊಳ್ಳುತ್ತದೆ. ಆ ವರ್ಷ ಐಪ್ಪಸಿ ಹುಟ್ಟಿದ ದಿನವೇ ಮಳೆ ಬಂತು, ಪಟ್ಟರೆಯ ಅಂಗಳ ಡೀಸೆಲ್ಲು ಬೆರೆತ ಕೆಸರಾಯಿತು. ಅದೇ ವಾರ ರಂಗಸಾಮಿಯಣ್ಣ ಬಂದು, ಲಾರಿ ನಿಲ್ಲಿಸಿ, ನನ್ನನ್ನು ಪಕ್ಕಕ್ಕೆ ಕರೆದರು.

"ವಂಡಿ ಒದರುದು ತಂಬಿ. ಲೋಡು ಏರಿಸಿರೆ ಜಾಸ್ತಿಯೇ ಒದರುದು."

"ಎಲ್ಲಿಂದ ಒದರತೈತಣ್ಣ, ಮುಂದಿಂದೋ ಹಿಂದಿಂದೋ?"

"ಅಡಿಯಿಂದ. ಸೀಟಿನ ಅಡಿಯಿಂದ ಹಿಂದಕ್ಕೆ ಹೋಗುದು."

ನಿಮ್ಮವರು, ನೀನೇ ನೋಡಿಕೋ ಎಂದರು ಮೇಸ್ತ್ರಿ. ನಾನು ನೋಡಿಕೊಂಡೆ. ಒದರುವುದು ಎಂದರೆ ನಮ್ಮ ಕಡೆ ಕೂಗುವುದು, ಬಾಯಿ ಮಾಡುವುದು. ಯಾಕ ಒದರಾಕತ್ತಿ ಎಂದು ನಮ್ಮವ್ವ ದಿನಕ್ಕೆ ಹತ್ತು ಸಲ ನನ್ನನ್ನು ಬೈಯುತ್ತಿದ್ದಳು. ಹಾಗಾಗಿ ಗಾಡಿ ಒದರುತ್ತದೆ ಎಂದರೆ ಸದ್ದು ಮಾಡುತ್ತದೆ ಎಂದು ತಿಳಿದುಕೊಂಡೆ. ಮೇಸ್ತ್ರಿಗೂ ಹಾಗೆಯೇ, ಸದ್ದು ಬರುತ್ತದಂತೆ ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಖಾಲಿ ಗಾಡಿಯನ್ನು ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದೆವು. ಅಲ್ಲಿ ನಲವತ್ತಕ್ಕಿಂತ ಹೆಚ್ಚು ವೇಗ ಹಿಡಿಯಲು ಜಾಗವಿಲ್ಲ. ಹಿಂದಿನ ಆಕ್ಸಲಿನ ಹೊಟ್ಟೆಯಲ್ಲಿರುವ ಕ್ರೌನ್ ಗೇರು ಸಣ್ಣಗೆ ಕೊರಗುತ್ತಿತ್ತು. ಹಳೆಯ ಲಾರಿಯಲ್ಲಿ ಅದು ಕೊರಗದೆ ಇರುವುದೇ ಅಪರೂಪ. ನನಗೆ ಬೇಕಾದದ್ದು ಸಿಕ್ಕಿತು. ಮೂರು ದಿನ ಮಳೆಯಲ್ಲಿ ನೆನೆದು ಹೌಸಿಂಗು ಬಿಚ್ಚಿ, ಬೇರಿಂಗು ಬದಲಿಸಿ, ಕ್ರೌನು ಕೂರಿಸಿ ಕಳಿಸಿದೆ.

ಒಂದು ವಾರ ಬಿಟ್ಟು ಅವರು ಮತ್ತೆ ಬಂದರು. ಇನ್ನೂ ಒದರುತ್ತದೆ ಎಂದರು. ನಾನು ಕಿವಿಗೊಟ್ಟು ಕೇಳಿದೆ, ಕ್ರೌನಿನಲ್ಲಿ ಉಸಿರಿರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನೋಡಿದೆ, ಹಿಂದಿನ ಚಕ್ರದ ಹಬ್ಬು ಬಿಚ್ಚಿ ನೋಡಿದೆ. ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಹೋಗುವ ಶಾಫ್ಟನ್ನು ಮಾತ್ರ ಮುಟ್ಟಲಿಲ್ಲ. ಆಯುಧಪೂಜೆಯ ಮರುದಿನ ಅದರ ತುದಿಯ ಕೀಲುಗಳಿಗೆ ಹೊಸ ಕ್ರಾಸ್ ಹಾಕಿ ಕೂರಿಸಿದವನು ನಾನೇ. ನಾನು ಕೂರಿಸಿದ್ದರಲ್ಲಿ ಏನಿರುತ್ತದೆ ಎಂಬ ಧೈರ್ಯ. ಮೂರನೆಯ ದಿನ ತಾಳ್ಮೆ ಕೆಟ್ಟು, ಲಾರಿಯಲ್ಲಿ ಏನೂ ತೊಂದರೆ ಇಲ್ಲ ಎಂದುಬಿಟ್ಟೆ. ಮೇಸ್ತ್ರಿ ಅದನ್ನೇ ಕಂದಸಾಮಿಯವರಿಗೆ ಫೋನಿನಲ್ಲಿ ಹೇಳಿದರು. ರಂಗಸಾಮಿಯಣ್ಣ ಕೀಲಿ ತೆಗೆದುಕೊಂಡು ಹೋದರು.

ಆ ಒಂದು ಮಾತು ಎಲ್ಲಿ ಹೋಗಿ ಮುಟ್ಟಿತು ಎಂದು ನನಗೆ ತಿಳಿದದ್ದು ದೀಪಾವಳಿ ಮುಗಿದ ಮೇಲೆ. ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಅವರು ಖಾಲಿ ಲಾರಿ ತಂದು ರಸ್ತೆಯಲ್ಲೇ ನಿಲ್ಲಿಸಿ ಒಳಗೆ ಬಂದರು. ಅಂದು ಕ್ಷೌರ ಮಾಡಿಕೊಂಡಿರಲಿಲ್ಲ. ನನ್ನ ಪಕ್ಕದ ಟೈರಿನ ಮೇಲೆ ಕೂತರು. ವಂಡಿ ಸೆರಿಯಾಗಿದೆಯಂತೆ ಎಂದರು. ನಾನು ಅನ್ನ ಕಲಸುತ್ತ, ಕಂದಸಾಮಿ ಏನೆಂದರು ಎಂದು ಕೇಳಿದೆ.

"ಮುದಲಾಳಿ ಅಂತಾರೆ, ವಂಡಿ ಒದರುದಿಲ್ಲ ರಂಗಸಾಮಿ, ನಿನ್ನ ಕೈಯೇ ಒದರುದು ಅಂತ."

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕೈ ಹೇಗೆ ಒದರುತ್ತದೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದೇನು ಕೇಳುತ್ತೀ ಎಂಬಂತೆ ನೋಡಿ, ಬಲಗೈ ಮುಂದೆ ಚಾಚಿ, ಚಳಿಗೆ ಸಿಕ್ಕವರ ಹಾಗೆ ಗಡಗಡ ಅಲ್ಲಾಡಿಸಿ ತೋರಿಸಿದರು. ಹೀಗೆ, ಒದರುದು.

ನಡುಗುವುದು. ಅವರ ಮನೆಯ ಕನ್ನಡದಲ್ಲಿ ಒದರುವುದು ಎಂದರೆ ನಡುಗುವುದು, ಅಲುಗುವುದು. ಬಟ್ಟೆ ಒದರಿ ಒಣಗಿಸುತ್ತಾರೆ, ಜ್ವರ ಬಂದರೆ ಮೈ ಒದರುತ್ತದೆ. ತಿಂಗಳಿನಿಂದ ಅವರು ಗಾಡಿ ನಡುಗುತ್ತದೆ ಎಂದು ಹೇಳುತ್ತಿದ್ದರು, ನಾನು ಗಾಡಿಯ ಕೂಗನ್ನು ಹುಡುಕುತ್ತಿದ್ದೆ. ಮೇಸ್ತ್ರಿಗೆ ಅವರು ತಮಿಳಿನಲ್ಲಿ ಹೇಳಿದ್ದರೆ ಒಂದೇ ಗಳಿಗೆಯಲ್ಲಿ ತಿಳಿಯುತ್ತಿತ್ತು. ನಮ್ಮ ಭಾಷೆಯವನು ಸಿಕ್ಕಿದ್ದಾನೆ ಎಂಬ ಖುಷಿಗೆ ನನಗೆ ಕನ್ನಡದಲ್ಲಿ ಹೇಳಿದರು. ನಾಚಿಕೆಯಾಯಿತು ಎಂದರೆ ಕಡಿಮೆ.

ಕಂದಸಾಮಿ ಕೆಟ್ಟ ಮನುಷ್ಯ ಅಲ್ಲ. ಕೈ ನಡುಗುವ ಡ್ರೈವರನ್ನು ಆ ಘಾಟಿಗೆ ಕಳಿಸಲು ಯಾವ ಮಾಲೀಕನೂ ಒಪ್ಪುವುದಿಲ್ಲ. ಆದರೂ ಕೊನೆಯ ಅವಕಾಶ ಅಂತ, ಬರುವ ಗುರುವಾರದ ಲೋಡು ಕೋತಗಿರಿಗೆ ಮುಟ್ಟಿಸು, ಮತ್ತೆ ಏನಾದರೂ ದೂರು ಹೇಳಿದರೆ ಸೀಟು ಬೇರೆಯವರಿಗೆ ಎಂದಿದ್ದರಂತೆ. ರಂಗಸಾಮಿಯಣ್ಣನಿಗೆ ಸೀಟು ಹೋಗುವ ಹೆದರಿಕೆಗಿಂತ ಹೆಚ್ಚಿನ ಇನ್ನೊಂದು ಹೆದರಿಕೆ ಹುಟ್ಟಿಕೊಂಡಿತ್ತು. ಸ್ಟೇರಿಂಗು ಹಿಡಿದಾಗ ನಡುಗುವುದು ಲಾರಿಯೋ ತಾನೋ ಎಂದು ತಮಗೇ ತಿಳಿಯುತ್ತಿಲ್ಲ ಎಂದರು. ಮನೆಯಲ್ಲಿ ಕಾಫಿ ಲೋಟ ಹಿಡಿದರೂ ಕೈಯನ್ನೇ ನೋಡುತ್ತಾರಂತೆ. ಹೆಂಡತಿಗೆ ಹೇಳಿಲ್ಲವಂತೆ.

ಅಂದು ಅಲ್ಲೇ ಕೂತು, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಎಷ್ಟು ವೇಗಕ್ಕೆ ಶುರುವಾಗುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ, ಗೇರು ಬದಲಿಸಿದರೆ ಬದಲಾಗುತ್ತದಾ, ಏರಿನಲ್ಲಿ ಹೇಗೆ, ಇಳಿಜಾರಿನಲ್ಲಿ ಹೇಗೆ. ಅವರ ಹತ್ತಿರ ಎಲ್ಲಕ್ಕೂ ಉತ್ತರವಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಗುರುವಾರ ನಾನೂ ಬರುತ್ತೇನೆ ಎಂದೆ.

ಗುರುವಾರ ಬೆಳಿಗ್ಗೆ ಅಕ್ಕಿ ತುಂಬಿದ ಲಾರಿ ಅವಿನಾಶಿಗೆ ಬಂತು. ಪಕ್ಕದ ಸೀಟಿಗೆ ಹತ್ತಿದೆ. ಜಡಿ ಮಳೆ, ವೈಪರು ಹೊಡೆದಷ್ಟೂ ನೀರು. ಅನ್ನೂರು ರಸ್ತೆಯಲ್ಲಿ ವೇಗ ಐವತ್ತು ದಾಟುತ್ತಿದ್ದಂತೆ ಅದು ಬಂತು. ಮೊದಲು ಕಾಲಡಿಯಲ್ಲಿ, ಆಮೇಲೆ ಸೀಟಿನಲ್ಲಿ, ಆಮೇಲೆ ಕನ್ನಡಿಯೊಳಗಿನ ರಸ್ತೆ ಕಲಸಿಹೋಯಿತು. ಬಾಗಿಲಿನ ಗಾಜು ಕಟಕಟ ಎಂದಿತು. ಇಷ್ಟನ್ನು ಈ ಮನುಷ್ಯ ತಿಂಗಳಿನಿಂದ ಅನುಭವಿಸುತ್ತಿದ್ದಾರೆ, ನಾನು ಏನೂ ಇಲ್ಲ ಎಂದಿದ್ದೇನೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, ನಿನಗೂ ತಿಳಿಯುದಾ ಎಂದು ಕೇಳಿದರು. ತಿಳಿಯತೈತಣ್ಣ ಎಂದೆ. ಅವರ ಭುಜ ಸ್ವಲ್ಪ ಕೆಳಗಿಳಿಯಿತು.

ಅದೇ ವೇಗದಲ್ಲಿ ಒಂದು ಗೇರು ಇಳಿಸಿ ನೋಡಿ ಎಂದೆ. ಇಂಜಿನ್ನಿನ ಸದ್ದು ಏರಿತು, ನಡುಕ ಹಾಗೇ ಇತ್ತು. ಸಮನಾದ ರಸ್ತೆ ನೋಡಿ ನ್ಯೂಟ್ರಲ್ ಮಾಡಿಸಿದೆ. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಅಂದರೆ ಇಂಜಿನ್ನಿನದಲ್ಲ, ಕ್ಲಚ್ಚಿನದಲ್ಲ. ಚಕ್ರದ ನಡುಕವಾದರೆ ನಿಧಾನಕ್ಕೆ ತೂಗಿದ ಹಾಗೆ ಬರುತ್ತದೆ. ಇದು ಬಹಳ ಬೇಗಬೇಗ ಬರುತ್ತಿತ್ತು. ಉಳಿದದ್ದು ಒಂದೇ, ನಾನು ಮುಟ್ಟದೆ ಬಿಟ್ಟಿದ್ದ ಶಾಫ್ಟು. ಮೇಟ್ಟುಪಾಳ್ಯ ಇನ್ನೂ ದೂರವಿರುವಾಗಲೇ ಬಾಳೆತೋಟದ ಪಕ್ಕ ನಿಲ್ಲಿಸಲು ಹೇಳಿದೆ.

ಗೋಣಿಚೀಲ ಹಾಸಿಕೊಂಡು ಅಡಿಗೆ ತೆವಳಿದೆ. ಈ ಲಾರಿಯಲ್ಲಿ ಶಾಫ್ಟು ಎರಡು ತುಂಡು. ಎರಡೂ ಸೇರುವ ಕಡೆ ರಬ್ಬರಿನೊಳಗೆ ಕೂತ ಒಂದು ಬೇರಿಂಗು ಅವನ್ನು ಚಾಸಿಗೆ ಹಿಡಿದಿರುತ್ತದೆ. ಅದಕ್ಕೆ ಸೆಂಟರ್ ಬೇರಿಂಗು ಎನ್ನುತ್ತೇವೆ. ಆ ರಬ್ಬರು ಹರಿದು ಜೋತಾಡುತ್ತಿತ್ತು. ಬ್ರಾಕೆಟ್ಟಿನ ಒಂದು ಬೋಲ್ಟು ಇರಲೇ ಇಲ್ಲ, ಇನ್ನೊಂದು ಬೆರಳಿಗೆ ತಿರುಗಿತು. ಬೇರಿಂಗಿನ ಮೇಲೆ ಮಳೆನೀರು ಬಿದ್ದು ಹಬೆ ಏಳುತ್ತಿತ್ತು. ಅದರ ಗೇಣಳತೆಯಲ್ಲೇ ಬ್ರೇಕಿನ ಗಾಳಿ ಪೈಪು. ಘಾಟಿಯ ತಿರುವಿನಲ್ಲಿ ಶಾಫ್ಟು ಕಳಚಿಕೊಂಡರೆ ಮೊದಲು ಹೊಡೆಯುವುದು ಆ ಪೈಪಿಗೇ.

ಹೊರಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ರಂಗಸಾಮಿಯಣ್ಣ ಮಳೆಯಲ್ಲೇ ನಿಂತು ಕೇಳಿದರು. ಇವತ್ತು ಲೋಡು ಏರದಿದ್ದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಬೀಳುದಾ, ನಿಲ್ಲುದಾ? ಒಂದು ಮಾತು ಹೇಳು ತಂಬಿ."

ನನಗೆ ಗೊತ್ತಿರಲಿಲ್ಲ. ಬೋಲ್ಟು ಬಿಗಿದು, ತಂತಿ ಸುತ್ತಿದರೆ ಇನ್ನು ಹತ್ತು ಸಲ ಏರಿದರೂ ಏರಬಹುದು. ಮೊದಲ ತಿರುವಿನಲ್ಲೇ ಕೈಕೊಡಬಹುದು. ಗೊತ್ತಿಲ್ಲಣ್ಣ ಎಂದೆ. ಹಿಂದಿನ ಸಲ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಇಷ್ಟು ಮಾಡಿದ್ದೆ, ಮತ್ತೆ ಆ ಧೈರ್ಯ ಬರಲಿಲ್ಲ. ಅವರು ಬೆಟ್ಟದ ಕಡೆ ನೋಡಿದರು. ಮೋಡ ಮುಚ್ಚಿ ಬೆಟ್ಟವೇ ಕಾಣುತ್ತಿರಲಿಲ್ಲ. ಒಂದು ಬೀಡಿ ಹಚ್ಚಲು ಹೋಗಿ, ಮಳೆಗೆ ಹತ್ತದೆ ಎಸೆದರು. ಆಮೇಲೆ ಹತ್ತಿ ಕೂತು, ಲಾರಿಯನ್ನು ತಿರುಗಿಸಿ, ಇಪ್ಪತ್ತರ ವೇಗದಲ್ಲಿ ಅವಿನಾಶಿಗೆ ವಾಪಸು ತಂದರು. ಮೂಟೆಗಳನ್ನು ಬೇರೆ ಲಾರಿಗೆ ಹಾಕಿಸಲು ಕಂದಸಾಮಿಯೇ ಬಂದರು. ಬೈಯಲಿಲ್ಲ, ಲಾರಿಯಡಿ ಏನಾಗಿದೆ ಎಂದು ಕೇಳಲೂ ಇಲ್ಲ. ಕೀಲಿಯನ್ನು ಮೇಸ್ತ್ರಿ ಹತ್ತಿರ ಕೊಟ್ಟು ಮನೆಗೆ ಹೋಗು ರಂಗಸಾಮಿ ಎಂದರು. ರಂಗಸಾಮಿಯಣ್ಣ ಕೀಲಿ ಕೊಟ್ಟು, ಸೀಟಿನ ಹಿಂದಿದ್ದ ಟವಲು, ಊಟದ ಡಬ್ಬಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮರುದಿನ ಶಾಫ್ಟು ಬಿಚ್ಚಿದೆ. ಬಿಚ್ಚುವ ಮೊದಲು ಅದರ ಇಳಿಜಾರನ್ನು ರಸಮಟ್ಟ ಇಟ್ಟು ಅಳೆದೆ. ಗೇರ್‌ಬಾಕ್ಸಿನ ಕಡೆ, ಆಕ್ಸಲಿನ ಕಡೆ, ಎರಡೂ ಸರಿ. ಸ್ಪ್ರಿಂಗು ಪ್ಲೇಟು ಮುರಿದಿರಲಿಲ್ಲ. ಶಾಫ್ಟು ಬಾಗಿದೆಯಾ ಎಂದು ನೋಡಿದೆ, ನೆಟ್ಟಗಿತ್ತು. ಹೊಸ ಕ್ರಾಸುಗಳು ಹೊಸದಾಗೇ ಇದ್ದವು. ಸೆಂಟರ್ ಬೇರಿಂಗು ಹಾಳಾಗಿದ್ದು ಹೌದು, ಆದರೆ ಅದು ಏಟು ತಿಂದದ್ದು, ಏಟು ಕೊಟ್ಟದ್ದು ಬೇರೆ ಯಾವುದೋ. ಆಯುಧಪೂಜೆಗೆ ಹಚ್ಚಿದ ಬೆಳ್ಳಿ ಬಣ್ಣ ಶಾಫ್ಟಿನ ಮೇಲೆ ಇನ್ನೂ ಮಿರಿಮಿರಿ ಅನ್ನುತ್ತಿತ್ತು. ಕೈಗೆ ಏನೂ ಸಿಗದ ಸಿಟ್ಟಿಗೆ, ಬಟ್ಟೆಗೆ ತಿನ್ನರು ಹಾಕಿಕೊಂಡು ಆ ಬಣ್ಣವನ್ನು ತಿಕ್ಕತೊಡಗಿದೆ.

ಹಿಂದಿನ ಶಾಫ್ಟಿನಲ್ಲಿ ಒಂದರೊಳಗೊಂದು ಜಾರುವ ಜಾಗವಿದೆ, ಒಳಗೆ ಹಲ್ಲು ಹಲ್ಲಾಗಿರುತ್ತದೆ. ಬಿಚ್ಚಿ ಸೇರಿಸುವಾಗ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವೆಗಳು ಒಂದೇ ಸಾಲಿಗೆ ಬರಬೇಕು. ಒಂದು ಕವೆ ಜಗ್ಗಿದ್ದನ್ನು ಇನ್ನೊಂದು ಕವೆ ಸಮ ಮಾಡುತ್ತದೆ. ಸಾಲು ತಪ್ಪಿದರೆ ಒಂದು ಸುತ್ತಿಗೆ ಎರಡು ಸಲ ಜಗ್ಗಾಟ, ಅದೇ ನಡುಕ. ಅದಕ್ಕೆಂದೇ ಕಾರ್ಖಾನೆಯಲ್ಲಿ ಎರಡೂ ಭಾಗಕ್ಕೆ ಬಾಣದ ಗುರುತು ಒತ್ತಿರುತ್ತಾರೆ. ಬಣ್ಣ ಹೋದ ಕಡೆ ಬಾಣಗಳು ಕಂಡವು. ಒಂದಕ್ಕೊಂದು ಎದುರಾಗಿರಲಿಲ್ಲ. ಎರಡು ಹಲ್ಲು ಆಚೆಗಿದ್ದವು.

ಪಕ್ಕದಲ್ಲಿ ಇನ್ನೂ ತಿಕ್ಕದ ಬಣ್ಣದ ಮೇಲೆ ಎದುರುಬದುರಾಗಿ, ದಾರ ಹಿಡಿದ ಹಾಗೆ ನೇರಕ್ಕೆ ಇದ್ದದ್ದು ಎರಡು ಕೆಂಪು ಚುಕ್ಕಿ.

ನೋಡಿದ ಕೂಡಲೆ ಎಲ್ಲ ನೆನಪಾಯಿತು. ಪೂಜೆಯ ಹಿಂದಿನ ದಿನ ಶಾಫ್ಟು ಬಿಚ್ಚಿದವರು ಮೇಸ್ತ್ರಿ. ಅವರು ಗುರುತು ಹಾಕುವುದು ಸೀಮೆಸುಣ್ಣದಲ್ಲಿ. ಆದರೆ ಪೂಜೆಯ ದಿನ ಪಟ್ಟರೆಯಲ್ಲಿರುವ ಕಬ್ಬಿಣವೆಲ್ಲ ತೊಳೆಸಿಕೊಳ್ಳಬೇಕು, ಬಣ್ಣ ಹಚ್ಚಿಸಿಕೊಳ್ಳಬೇಕು, ಮರುದಿನದವರೆಗೆ ಯಾರೂ ಕೆಲಸ ಮುಟ್ಟಬಾರದು. ಸೀಮೆಸುಣ್ಣ ನೀರಿನಲ್ಲಿ ಹೋಯಿತು. ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಶಾಫ್ಟಿನ ತುಂಡುಗಳಿಗೆ ಮೇಸ್ತ್ರಿಯ ಹೆಂಡತಿ ಶಾಂತಕ್ಕ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟರು. ಬಣ್ಣ ಇನ್ನೂ ಹಸಿ. ಮರುದಿನ ನಾನು ಗಂಧ ಒರೆಸಿದೆ, ಕುಂಕುಮ ಬಣ್ಣಕ್ಕೆ ಅಂಟಿ ಕೆಂಪು ಚುಕ್ಕಿಯಾಗಿ ಉಳಿದಿತ್ತು. ನಮ್ಮ ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಬಿಚ್ಚುವ ಮೊದಲು ಗುರುತಿಗೆ ಕೆಂಪು ಚುಕ್ಕಿಯನ್ನೇ ಇಡುವುದು. ನಾನು ಕಣ್ಣಂದಾಜಿಗೆ ಕವೆಗಳನ್ನು ಸಾಲಿಗೆ ಹಿಡಿದಿದ್ದೆ. ಅದು ಸರಿಯಾಗಿಯೇ ಇತ್ತು. ಚುಕ್ಕಿಗಳು ಎರಡು ಹಲ್ಲು ಆಚೀಚೆ ಕಂಡವು. ಮೇಸ್ತ್ರಿ ಇಟ್ಟ ಗುರುತಲ್ಲವೇ ಎಂದು, ಸರಿಯಿದ್ದದ್ದನ್ನು ತಿರುಗಿಸಿ ಕುಂಕುಮಕ್ಕೆ ಕುಂಕುಮ ಕೂಡಿಸಿ ಕೂರಿಸಿದ್ದೆ. ಅದನ್ನು ಬಾಯಿಬಿಟ್ಟು ಯಾರನ್ನೂ ಕೇಳಿರಲಿಲ್ಲ.

ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಶಾಂತಕ್ಕನಿಗೆ ಹೇಳಬೇಡ, ಆಮೇಲೆ ಜನ್ಮದಲ್ಲಿ ಪೂಜೆ ಮಾಡುವುದಿಲ್ಲ ಎಂದರು. ಬೇರೆ ಬೇರಿಂಗು ಹಾಕಿ, ಬಾಣ ಕೂಡಿಸಿ ಕಟ್ಟು, ಸೆಂಟರ್ ಬೇರಿಂಗು ಹೋಗಿತ್ತು ಎಂದು ಹೇಳೋಣ, ಅದೇನು ಸುಳ್ಳಲ್ಲವಲ್ಲ ಎಂದರು. ಸುಳ್ಳಲ್ಲ. ಆದರೆ ಸೆಂಟರ್ ಬೇರಿಂಗು ಹೋಯಿತು ಎಂದರೆ ಯಾವ ಮಾಲೀಕನಾದರೂ ಕೇಳುವುದು ಒಂದೇ, ಡ್ರೈವರು ಕ್ಲಚ್ಚನ್ನು ಹೇಗೆ ಬಿಡುತ್ತಾನೆ ಎಂದು. ಒರಟು ಕಾಲು ಎಂಬ ಹೆಸರೂ ರಂಗಸಾಮಿಯಣ್ಣನಿಗೆ ಸೇರುತ್ತಿತ್ತು. ಆ ದಿನ ಪೂರ್ತಿ ನಾನು ಆ ಎರಡು ಹಲ್ಲನ್ನೇ ನೋಡುತ್ತ ಕೂತೆ. ಹೇಳಿದರೆ ನನ್ನ ಕೆಲಸ ಹೋಗಬಹುದು. ಊರಿಗೆ ಬಾಲ ಮುದುರಿಕೊಂಡು ಹೋಗಬೇಕು. ಹೇಳದಿದ್ದರೆ ಒಬ್ಬ ಮನುಷ್ಯ ಮನೆಯಲ್ಲಿ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿರುತ್ತಾನೆ.

ಮರುದಿನ ಬಸ್ಸು ಹಿಡಿದು ವೆಳ್ಳಕೋಯಿಲಿಗೆ ಹೋದೆ. ಕಂದಸಾಮಿ ಆಫೀಸಿನ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನನಗೆ ಗೊತ್ತಿದ್ದ ಅಷ್ಟೂ ತಮಿಳನ್ನು ಕೂಡಿಸಿ, ಪೂಜೆಯ ಕುಂಕುಮವನ್ನು ಗುರುತು ಎಂದುಕೊಂಡು ಕೂರಿಸಿದೆ, ತಪ್ಪು ನನ್ನದು, ಲಾರಿ ನಿಜವಾಗಿಯೂ ನಡುಗುತ್ತಿತ್ತು, ರಂಗಸಾಮಿಯಣ್ಣ ಹೇಳಿದ್ದು ನಿಜ ಎಂದೆ. ಅವರು ಎಲ್ಲ ಕೇಳಿ, ಕುಂಕುಮ ಇಟ್ಟವರು ಯಾರು ಎಂದರು. ಶಾಂತಕ್ಕನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಕೂರಿಸಿದವನು ನಾನು ಎಂದೆ. ಅವರು ಪೇಪರು ಮಡಿಸಿ, ಫೋನು ತೆಗೆದು, ಸೋಮವಾರ ಲೋಡಿಗೆ ಬಾ ರಂಗಸಾಮಿ ಎಂದು ಹೇಳಿದರು. ನಾನು ಆಚೆ ಬಂದು ಬಸ್ಸಿಗೆ ಕಾಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಹಗುರವಾಗಿತ್ತು, ಸುಳ್ಳೇಕೆ ಹೇಳಲಿ. ಮೇಸ್ತ್ರಿ ಮಾತ್ರ ವಾರವಿಡೀ ನನ್ನ ಜೊತೆ ಮಾತು ಬಿಟ್ಟರು.

ಭಾನುವಾರ ಹೊಸ ಬೇರಿಂಗು ಹಾಕಿ, ಬಾಣಕ್ಕೆ ಬಾಣ ಕೂಡಿಸಿ ಶಾಫ್ಟು ಕಟ್ಟಿದೆ. ಸೋಮವಾರ ಮಳೆ ಇರಲಿಲ್ಲ. ಅನ್ನೂರು ದಾಟುವಾಗಲೇ ನೀಲಗಿರಿ ಪೂರ್ತಿ ಕಾಣುತ್ತಿತ್ತು. ರಂಗಸಾಮಿಯಣ್ಣ ಕ್ಷೌರ ಮಾಡಿಕೊಂಡು, ಹೊಸ ಅಂಗಿ ಹಾಕಿದ್ದರು. ನಾನು ಹಟ ಮಾಡಿ ಜೊತೆಗೆ ಹತ್ತಿದ್ದೆ. ಐವತ್ತು ದಾಟಿತು, ಐವತ್ತೈದು, ಅರವತ್ತು. ಕಾಲಡಿಯ ತಗಡು ತಣ್ಣಗೆ ಕೂತಿತ್ತು. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ನಂಬರು ಓದಬಹುದಿತ್ತು. ನನಗೆ ಕುಣಿಯಬೇಕು ಅನ್ನಿಸಿ, ಏನಣ್ಣಾ ಎಂದು ಅವರ ಕಡೆ ತಿರುಗಿದೆ. ಅವರು ನಗಲಿಲ್ಲ. ಬರುವ ಲಾರಿಗಳಿಗೆ ದಾರಿ ಬಿಡುತ್ತ, ಎಂದಿನ ಹಾಗೆ ನಾಜೂಕಾಗಿ ಓಡಿಸುತ್ತಿದ್ದರು. ಮೇಟ್ಟುಪಾಳ್ಯದೊಳಗೆ ಹೋಗಿ, ಘಾಟಿಯ ಕಡೆ ತಿರುಗುವ ಮುನ್ನ ಭವಾನಿ ಹೊಳೆಯ ಸೇತುವೆಗಿಂತ ಈಚೆಗೆ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ಇಂಜಿನ್ನು ಓಡುತ್ತಲೇ ಇತ್ತು.

ಸ್ಟೇರಿಂಗು ಹಿಡಿದು ನೋಡು ಎಂದರು. ಹಿಡಿದೆ. ಏನೂ ಇಲ್ಲ. ಆಗ ಅವರು ತಮ್ಮ ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದು ಸ್ವಲ್ಪ ಮೇಲೆ ಹಿಡಿದರು. ಬೆರಳುಗಳು ಸಣ್ಣಗೆ, ನಿಲ್ಲದೆ ನಡುಗುತ್ತಿದ್ದವು. ಎಡಗೈಗಿಂತ ಬಲಗೈ ಹೆಚ್ಚು. ಅವರು ತಡೆಯಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

"ಹದಿನೈದು ದಿನದಿಂದ ನೋಡ್ತಾ ಇದ್ದೆ. ವಂಡಿಯಿಂದ ಬರುದು ಅಂತ ಇದ್ದೆ. ಈಗ ಹೇಳು ತಂಬಿ, ವಂಡಿಯಲ್ಲಿ ಇನ್ನೇನಾದರೂ ಉಳಿದಿದೆಯಾ?"

ಒಂದು ಸುಳ್ಳು ನನ್ನ ಬಾಯಲ್ಲಿ ತಯಾರಾಗಿತ್ತು. ಇನ್ನೊಂದು ಹಲ್ಲಿನಷ್ಟು ವ್ಯತ್ಯಾಸ ಇದೆ ಅಣ್ಣ, ಅದರ ನಡುಕ ಮೈಗೆ ಇಳಿದಿದೆ, ನಾಳೆ ಸರಿ ಮಾಡುತ್ತೇನೆ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ನಂಬಲೆಂದೇ ಕೇಳಿದರೇನೋ ಎಂದು ಈಗಲೂ ಅನ್ನಿಸುತ್ತದೆ. ಎದುರಿಗೆ ಘಾಟಿಯ ರಸ್ತೆ, ಹಿಂದೆ ಅಕ್ಕಿಯ ಭಾರ. ಆ ನಡುಕ ಮೊದಲೇ ಇತ್ತೋ, ನಾನು ಕೊಟ್ಟ ಆ ಒಂದು ತಿಂಗಳ ಭಯ ಅದನ್ನು ತಂದಿಟ್ಟಿತೋ, ಯಾವ ರಸಮಟ್ಟ ಇಟ್ಟೂ ಅಳೆಯಲಾಗದು. ಏನೂ ಉಳಿದಿಲ್ಲಣ್ಣ ಎಂದೆ.

ಅವರು ಇಂಜಿನ್ನು ಆರಿಸಿದರು. ಕಂದಸಾಮಿಯವರಿಗೆ ಫೋನು ಮಾಡಿ, ಲಾರಿ ಚೆನ್ನಾಗಿದೆ, ಬೇರೆ ಡ್ರೈವರನ್ನು ಕಳಿಸಿ ಎಂದು ತಮಿಳಿನಲ್ಲಿ ಎರಡೇ ಮಾತು ಹೇಳಿದರು. ಆ ಕಡೆಯಿಂದ ಏನು ಕೇಳಿದರೋ, ಹೌದು ನಾನೇ ಹೇಳುತ್ತಿದ್ದೇನೆ ಎಂದರು. ಮಧ್ಯಾಹ್ನ ಇನ್ನೊಬ್ಬ ಡ್ರೈವರು ಬಸ್ಸಿನಲ್ಲಿ ಬಂದಿಳಿದ. ರಂಗಸಾಮಿಯಣ್ಣ ಕೀಲಿ ಕೊಟ್ಟು, ಎರಡನೆಯ ಗೇರು ನಿಧಾನಕ್ಕೆ ಬೀಳುತ್ತದೆ, ಅವಸರ ಮಾಡಬೇಡ ಎಂದು ಹೇಳಿ ಕೆಳಗೆ ನಿಂತರು. ಲಾರಿ ಸೇತುವೆ ದಾಟಿ, ಗೇರು ಬದಲಿಸಿಕೊಂಡು, ಏರು ಹಿಡಿಯಿತು. ಅದು ಮರಗಳ ಮರೆಗೆ ಹೋಗುವವರೆಗೂ ಅವರು ಕಿವಿಗೊಟ್ಟು ನೋಡುತ್ತಿದ್ದರು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ನನ್ನ ಕಡೆ ತಿರುಗಿದರು.

"ಚೆನ್ನಾಗಿ ಕೂರಿಸಿದ್ದೀಯ ತಂಬಿ."

ಬೈದಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆ.